ಕಲ್ಲಿನಲ್ಲಿ ಕರುಣರಸ

ಕರುಣರಸಕ್ಕೆ ಶೋಕವೇ ಸ್ಥಾಯಿಭಾವವೆಂದು ನಮ್ಮ ಲಾಕ್ಷಣಿಕರು ಹೇಳಿದ್ದಾರೆ. ಒಳಗಿನ ಭಾವವನ್ನು ಹೊರಗೆಡಹುವ ಸಾತ್ತ್ವಿಕಭಾವಗಳು ಎಂಟೆಂದು ಭರತಮುನಿಯ ಎಣಿಕೆ. ಅವುಗಳಲ್ಲಿ ಬೆವರು, ನಡುಕ, ದನಿ ಗದ್ಗದವಾಗುವುದು, ಮುಖ ಬಣ್ಣಗೆಡುವುದು, ಕಣ್ಣೀರು, ಇವೆಲ್ಲ ನಟನಿಗೆ ಒಲಿಯುತ್ತವೆ, ಕಲ್ಲಿಗೆ ಎಟುಕುವುದಿಲ್ಲ. ಕಲ್ಲಿಗೆ ಸಹಜವಾದದ್ದು ಸ್ತಂಭ, ಎಂದರೆ ನಿಶ್ಚಲತೆ. ಹಾಗಾದರೆ ಶಿಲ್ಪಿಯು ದುಃಖವನ್ನು ಕಾಣಿಸುವುದೆಂತು? ಪ್ರಾಚೀನ ರೋಮ್ ಇದಕ್ಕೆ ಒಂದು ಉತ್ತರ ಕೊಟ್ಟಿತು. ನಮ್ಮ ನಾಡು ಬೇರೊಂದು ಉತ್ತರ ಕೊಟ್ಟಿತು.

1506ರಲ್ಲಿ ರೋಮ್ ನಗರದ ದ್ರಾಕ್ಷಿತೋಟವೊಂದರ ನೆಲದಡಿಯಲ್ಲಿ ಅಮೃತಶಿಲೆಯ ವಿಗ್ರಹವೊಂದು ದೊರೆಯಿತು. ಅದೀಗ ವ್ಯಾಟಿಕನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಶತ್ರುಗಳು ಬಿಟ್ಟುಹೋದ ಮರದ ಕುದುರೆಯನ್ನು ನಂಬಬೇಡಿರೆಂದು ಟ್ರಾಯ್ ಪಟ್ಟಣದವರನ್ನು ಎಚ್ಚರಿಸಿದ ಪುರೋಹಿತ ಲಾವೊಕೊವನ್ ಮತ್ತು ಅವನ ಇಬ್ಬರು ಮಕ್ಕಳನ್ನು ಹಾವುಗಳು ಬಿಗಿದಿವೆ. ತಂದೆಯ ಹುಬ್ಬು ಗಂಟಿಕ್ಕಿದೆ, ಬಾಯಿ ಅರೆತೆರೆದಿದೆ. ಅದಕ್ಕಿಂತಲೂ ಮನ ಕಲಕುವುದು ಒಬ್ಬ ಮಗನ ನೋಟ: ತನ್ನ ಕಾಲಿನ ಸುರುಳಿಯನ್ನು ಬಿಡಿಸಿಕೊಳ್ಳುತ್ತಲೇ ಅವನು ತಂದೆಯ ಕಡೆ ನೋಡುತ್ತಿದ್ದಾನೆ. ಅದೇ ನಗರದಲ್ಲಿ, ಗ್ರೀಕ್ ಮಾದರಿಯನ್ನು ಅನುಸರಿಸಿ ಕಡೆದ ಇನ್ನೊಂದು ವಿಗ್ರಹವಿದೆ. ಗಾಯಗೊಂಡ ಗಾಲ್ ಯೋಧನೊಬ್ಬ ನೆಲಕ್ಕೆ ಕೈಯೂರಿ, ತಲೆ ತಗ್ಗಿಸಿ ಸಾವಿಗೆ ಕಾದಿದ್ದಾನೆ. ಸೋತ ಶತ್ರುವಿನ ಸಂಕಟವನ್ನೂ ಅಲ್ಲಿ ಮರ್ಯಾದೆಯಿಂದ ಕಡೆದರು. ರೋಮಿನಲ್ಲಿ ದುಃಖದ ನೆಲೆ ದೇಹ ಮತ್ತು ಮುಖ.

ಈಗ ನಮ್ಮ ತುಮಕೂರು ಸೀಮೆಗೆ ಬನ್ನಿ. ಗುಬ್ಬಿಯನ್ನು ದಾಟಿ ಮುಂದೆ ಹೋದರೆ ನಿಟ್ಟೂರು. ಅಲ್ಲಿ ಹೊಯ್ಸಳರ ಕಾಲದ, 12ನೆಯ ಶತಮಾನದ ಶಾಂತೀಶ್ವರ ಬಸದಿ ಉಂಟು. ಜಿನಬಿಂಬದ ಮುಖದಲ್ಲಿ ನೋವೂ ಇಲ್ಲ, ನಲಿವೂ ಇಲ್ಲ, ಇರುವುದು ಶಾಂತ. ಇದನ್ನೇ ನೋಡಿ, ನಮ್ಮ ಶಿಲ್ಪಿಗಳಿಗೆ ಶೋಕ ತಿಳಿಯದು ಎಂದು ಯಾರಾದರೂ ಹೇಳಿಯಾರು. ಅದು ಸಲ್ಲದ ಮಾತು. ಅವರು ಗುಡಿಯಿಂದ ಹೊರಬಂದು, ಊರ ಮುಂದೆ, ಕೆರೆಯೇರಿಯ ಬಳಿ ನಿಂತ ವೀರಗಲ್ಲುಗಳನ್ನೂ ನೋಡಬೇಕು.

ವೀರಗಲ್ಲು ಸಾಮಾನ್ಯವಾಗಿ ಮೂರು ಅಂಕಣದ ಕಥೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಮುಖದಲ್ಲಿ ಅಳು ಕಾಣಿಸದು. ಆದರೆ ಕಣ್ಣು ಕೆಳಗಿನಿಂದ ಮೇಲಕ್ಕೆ ಏರುವಷ್ಟರಲ್ಲಿ ಒಂದು ಬಾಳು ಮುಗಿದಿರುತ್ತದೆ. ಮಾಸ್ತಿಗಲ್ಲಿನಲ್ಲಂತೂ ಎಷ್ಟೋ ಕಡೆ ಹೆಂಗಸಿನ ಮುಖವೇ ಇಲ್ಲ. ಬಳೆ ತೊಟ್ಟು ಮೇಲೆತ್ತಿದ ಒಂದು ಕೈ ಮಾತ್ರ. ಆ ಪದ್ಧತಿ ಕ್ರೂರವಾದದ್ದು, ಅದನ್ನು ಹೊಗಳಲಾಗದು. ಆದರೆ ಆ ಕೈಯನ್ನು ಕಂಡು ಸುಮ್ಮನೆ ಮುಂದೆ ನಡೆಯುವುದೂ ಆಗದು.

ಕರುಣೆ ಮನುಷ್ಯನಿಗೇ ಮೀಸಲಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಕ್ರಿ.ಶ. 949-50ರದು; ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ, ಬೇಕಾದುದನ್ನು ಬೇಡೆಂದು ಅರಸನು ಮೆಚ್ಚಿ ನುಡಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ಕಲ್ಲಿನಲ್ಲಿ ಕಾಣುವುದು ನಾಯಿ ಮತ್ತು ಹಂದಿ ಮಾತ್ರ, ಅತ್ತವನು ಅಲ್ಲಿಲ್ಲ. ಆದರೂ ಸಾವಿರ ವರ್ಷಗಳಾಚೆಗೆ ಅವನ ಅಳಲು ನಮಗೆ ಮುಟ್ಟುತ್ತದೆ.

ರೋಮಿನ ಶಿಲ್ಪಿ ಶೋಕವನ್ನು ಮುಖದ ಮೇಲೆ ಕಡೆದನು. ನಮ್ಮವನು ಅದನ್ನು ನೋಡುವವನ ಎದೆಗೆ ಬಿಟ್ಟನು. ಆದ್ದರಿಂದಲೇ ನಮ್ಮ ಕಲ್ಲುಗಳಿಗೆ ನೋಡುವವರು ಬೇಕು. ರೋಮಿನ ವಿಗ್ರಹಗಳಿಗೆ ಸೂರೂ ಕಾವಲೂ ಇವೆ. ನಮ್ಮ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ, ಮೋರಿಗೆ ಹಾಸಾಗಿವೆ. ನಿಮ್ಮ ಊರಿನಲ್ಲಿ ಅಂಥದೊಂದು ಮಣ್ಣಿನಲ್ಲಿ ಮಲಗಿದ್ದರೆ ನಾಲ್ಕು ಜನ ಕೂಡಿ ಕಾಪಾಡಿರಿ. ಮಕ್ಕಳಿಗೆ ಅದರ ಕಥೆ ಹೇಳಿರಿ. ಅದು ಯಾರದೋ ಮನೆಯವರು ಅತ್ತು ನಿಲ್ಲಿಸಿದ ಕಲ್ಲು.