ಉಳಿಸಿದ ಬೀಜ: ಯಾವುದನ್ನು ಬಿತ್ತಬಹುದು, ಯಾವುದನ್ನು ಬಿತ್ತಬಾರದು?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಹಿರಿಯ ರೈತರೊಬ್ಬರು ಒಮ್ಮೆ ನನ್ನನ್ನು ತಮ್ಮ ಹೊಲಕ್ಕೆ ಕರೆದೊಯ್ದರು. ಹಿಂದಿನ ವರ್ಷದ ಹೈಬ್ರಿಡ್ ಮುಸುಕಿನ ಜೋಳದಲ್ಲಿ ದಪ್ಪ ತೆನೆಗಳನ್ನೇ ಆರಿಸಿ, ಉಳಿಸಿ, ಬಿತ್ತಿದ್ದರು. ಗೊಬ್ಬರ, ನೀರು ಯಾವುದಕ್ಕೂ ಕೊರತೆ ಮಾಡಿರಲಿಲ್ಲ. ಆದರೂ ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ. ಒಂದರ ತೆನೆ ದಪ್ಪ, ಪಕ್ಕದ್ದು ಸಣಕಲು. "ಸ್ವಾಮಿ, ಕಬ್ಬಿನ ತುಂಡು ನೆಟ್ಟರೆ ಅದೇ ಕಬ್ಬು ಬರುತ್ತೆ. ರಾಗಿ ಉಳಿಸಿ ಬಿತ್ತಿದರೆ ಅದೇ ರಾಗಿ ಬರುತ್ತೆ. ಈ ಜೋಳಕ್ಕೇನಾಯಿತು?" ಎಂದು ಕೇಳಿದರು. ಇದಕ್ಕೆ ಉತ್ತರ ಸಸ್ಯದ ಜೀವಕೋಶಗಳಲ್ಲಿದೆ.

ಇಟ್ಟಿಗೆಗಳಿಂದ ಮನೆಯಾದಂತೆ ಜೀವಕೋಶಗಳಿಂದ ಸಸ್ಯವಾಗಿದೆ. ಆದರೆ ಈ ಇಟ್ಟಿಗೆ ತಾನೇ ಎರಡಾಗಬಲ್ಲದು. ಬೇರಿನ ತುದಿಯಲ್ಲಿ, ಸುಳಿಯಲ್ಲಿ ಈ ಕೆಲಸ ಸದಾ ನಡೆಯುತ್ತಿರುತ್ತದೆ. ಪ್ರತಿ ಕೋಶದೊಳಗೂ ವಂಶಗುಣಗಳನ್ನು ಹೊತ್ತ ವರ್ಣತಂತುಗಳಿವೆ. ಮುಸುಕಿನ ಜೋಳದಲ್ಲಿ ಇವು 20, ಅಂದರೆ 10 ಜೋಡಿ. ಕೋಶ ಒಡೆಯುವ ಮೊದಲು ಪ್ರತಿ ತಂತುವಿನ ನಕಲು ತಯಾರಾಗಿ, ಎರಡೂ ಹೊಸ ಕೋಶಗಳಿಗೆ ಪೂರ್ತಿ 20 ತಂತುಗಳು ಸಿಗುತ್ತವೆ. ಅನಂತರ ಕೋಶಗಳು ನೀರು ಹೀರಿ ಉದ್ದವಾಗುತ್ತವೆ. ಬೆಳೆಯುವ ಕಾಲದಲ್ಲಿ ತೇವ ಕಡಿಮೆಯಾದರೆ ಗಿಡ ಕುಳ್ಳಾಗುವುದು ಇದರಿಂದಲೇ.

ಕಬ್ಬಿನ ಕಣ್ಣು ಚಿಗುರುವುದು ಇಂಥ ವಿಭಜನೆಯಿಂದ. ಆದ್ದರಿಂದ ಮರಿ ತಾಯಿಯ ಪಡಿಯಚ್ಚು.

ಹೂವಿನಲ್ಲಿ ನಡೆಯುವ ವಿಭಜನೆಯೇ ಬೇರೆ. ಪರಾಗ ಮತ್ತು ಅಂಡ ತಯಾರಾಗುವಾಗ ಪ್ರತಿ ಜೋಡಿಯಿಂದ ಒಂದೊಂದೇ ತಂತು ಹೋಗುತ್ತದೆ. ಪರಾಗದ 10, ಅಂಡದ 10 ಸೇರಿ ಕಾಳಿನಲ್ಲಿ ಮತ್ತೆ 20 ಆಗುತ್ತದೆ. ಜೋಡಿಯಲ್ಲಿ ಯಾವುದು ಹೋಗಬೇಕೆಂಬುದು ಚೀಟಿ ಎತ್ತಿದಂತೆ. ಹತ್ತು ಜೋಡಿಗಳಿಂದ 1,024 ಬಗೆಯ ಕೂಟಗಳಾಗಬಹುದು. ತಂತುಗಳು ತಮ್ಮೊಳಗೆ ತುಣುಕುಗಳನ್ನು ಬದಲಾಯಿಸಿಕೊಳ್ಳುವುದರಿಂದ ಇದು ಇನ್ನೂ ಹೆಚ್ಚುತ್ತದೆ.

ಎರಡು ಶುದ್ಧ ಸಾಲುಗಳನ್ನು ಕೂಡಿಸಿದಾಗ ಬರುವುದು ಹೈಬ್ರಿಡ್ ಬೀಜ. ಆ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಸಮ, ಹುರುಪೂ ಹೆಚ್ಚು. ಆದರೆ ಅವುಗಳ ಕಾಳು ಬಿತ್ತಿದಾಗ ಚೀಟಿಗಳು ಕಲಸಿಹೋಗುತ್ತವೆ. ಹುರುಪಿಗೆ ಕಾರಣವಾದ ಮಿಶ್ರಜೋಡಿಗಳು ಸರಾಸರಿ ಅರ್ಧಕ್ಕಿಳಿಯುತ್ತವೆ. ದಪ್ಪ ತೆನೆ ಆರಿಸಿದರೂ ಇದು ತಪ್ಪದು. ಆ ಹಿರಿಯರ ಆರೈಕೆಯಲ್ಲಿ ದೋಷವಿರಲಿಲ್ಲ. ದೋಷ ಬೀಜದ ಆಯ್ಕೆಯಲ್ಲಿತ್ತು.

ರಾಗಿಯೂ ಬೀಜದಿಂದಲೇ ಬರುತ್ತದಲ್ಲಾ ಎನ್ನಬಹುದು. ರಾಗಿಯಲ್ಲಿ ಹೆಚ್ಚಾಗಿ ಹೂವಿನೊಳಗೇ ಸ್ವಕೀಯ ಪರಾಗಸ್ಪರ್ಶವಾಗುತ್ತದೆ. ತಳಿ ಶುದ್ಧವಾಗಿದ್ದು ಜೋಡಿಯ ಎರಡೂ ತಂತುಗಳು ಒಂದೇ ಆಗಿರುವುದರಿಂದ, ಯಾವ ಚೀಟಿ ಎತ್ತಿದರೂ ಅದೇ ಹೆಸರು. ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿದ ಇಂಡಾಫ್ ತಳಿಗಳನ್ನೂ ಹಲವು ಪೀಳಿಗೆ ಆಯ್ದು ಸ್ಥಿರಗೊಳಿಸಿದ ಮೇಲೆಯೇ ರೈತರಿಗೆ ಕೊಡಲಾಯಿತು.

ಆದ್ದರಿಂದ ಈ ಅಂಶಗಳನ್ನು ನೆನಪಿಡಿ:

1. ಹೈಬ್ರಿಡ್ ಮುಸುಕಿನ ಜೋಳ, ಜೋಳ, ಸೂರ್ಯಕಾಂತಿಗಳಿಗೆ ಪ್ರತಿ ಸಲವೂ ಹೊಸ ಬೀಜ ಕೊಳ್ಳಿ. ಹಳೆಯ ಕಾಳು ಊಟಕ್ಕೆ, ಮಾರಾಟಕ್ಕೆ ಇರಲಿ.

2. ರಾಗಿ, ಭತ್ತದ ಸ್ಥಿರ ತಳಿಗಳ ಬೀಜ ಉಳಿಸಬಹುದು. ಬೆರಕೆ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿ, ಬೀಜದ ತೆನೆಗಳನ್ನು ಬೇರೆಯಾಗಿ ಒಕ್ಕಿ, ಚೆನ್ನಾಗಿ ಒಣಗಿಸಿ.

3. ಕಬ್ಬಿನ ತುಂಡಿನಲ್ಲಿ ತಾಯಿಯ ಗುಣದ ಜೊತೆಗೆ ಕೆಂಪು ಕೊಳೆ, ಕಾಡಿಗೆ ರೋಗಗಳೂ ಸಾಗಿಬರುತ್ತವೆ. ರೋಗವಿಲ್ಲದ ತಾಕಿನಿಂದಲೇ ಬಿತ್ತನೆ ತುಂಡು ಆರಿಸಿ.

ಬೀಜ ಕೊಳ್ಳುವಾಗ "ಇದು ಹೈಬ್ರಿಡ್ಡೋ, ಸ್ಥಿರ ತಳಿಯೋ?" ಎಂದು ತಪ್ಪದೆ ಕೇಳಿ. ಆ ಒಂದು ಮಾತು ಒಂದು ವರ್ಷದ ದುಡಿಮೆಯನ್ನು ಉಳಿಸೀತು.