ಕೊಳೆರೋಗದ ಜೀವಿ ಯಾವ ಸಾಮ್ರಾಜ್ಯಕ್ಕೆ ಸೇರಿದ್ದು?



ತಾಳಗುಂದದಲ್ಲಿ ‘ಸಾಮ್ರಾಜ್ಯ’ ಎಂದೊಡನೆ ಪ್ರಣವೇಶ್ವರ ದೇವಾಲಯದ ಎದುರಿನ ಸ್ತಂಭಶಾಸನವೂ, ಕಂಚಿಯಲ್ಲಿ ಅವಮಾನಿತನಾಗಿ ಕದಂಬ ರಾಜ್ಯವನ್ನು ಕಟ್ಟಿದ ಮಯೂರಶರ್ಮನೂ ನೆನಪಾಗುವುದು ಸಹಜ. ಜೀವಶಾಸ್ತ್ರದ ಪಠ್ಯದಲ್ಲಿಯೂ ಅದೇ ಪದವಿದೆ. ಅಲ್ಲಿಯೂ ಗಡಿಗಳು ಬದಲಾಗುತ್ತಲೇ ಬಂದಿವೆ. ಅಂತಹ ಬದಲಾವಣೆಯೊಂದು ಶಿಕಾರಿಪುರ, ಸೊರಬ ಸೀಮೆಯ ಅಡಿಕೆ ತೋಟಕ್ಕೆ ನೇರವಾಗಿ ಸಂಬಂಧಿಸಿದೆ.

ಸ್ವೀಡನ್ನಿನ ಲಿನೇಯಸ್ 1735ರಲ್ಲಿ ಜೀವಿಗಳನ್ನು ಸಸ್ಯ, ಪ್ರಾಣಿ ಎಂಬ ಎರಡೇ ಸಾಮ್ರಾಜ್ಯಗಳಲ್ಲಿ ಇರಿಸಿದನು. 1866ರಲ್ಲಿ ಜರ್ಮನಿಯ ಹೆಕೆಲ್ ಸೂಕ್ಷ್ಮಜೀವಿಗಳಿಗಾಗಿ ಮೂರನೆಯದನ್ನು ಸೇರಿಸಿದನು. 1969ರಲ್ಲಿ ಅಮೆರಿಕದ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ಪದ್ಧತಿ ಶಾಲಾ ಪಠ್ಯಗಳಲ್ಲಿ ನೆಲೆಯೂರಿತು. ಅದರಲ್ಲಿ ಶಿಲೀಂಧ್ರಗಳಿಗೆ ಸ್ವತಂತ್ರ ಸ್ಥಾನ ದೊರೆತದ್ದು ನ್ಯಾಯವೇ. ಅಣಬೆಯು ಗಿಡದಂತೆ ಬಿಸಿಲಿನಿಂದ ಆಹಾರ ತಯಾರಿಸದು, ಪ್ರಾಣಿಯಂತೆ ನುಂಗದು. ಹೊರಗೇ ಅರಗಿಸಿ ಹೀರಿಕೊಳ್ಳುತ್ತದೆ.

ಇನ್ನು ಕೊಳೆರೋಗದ ವಿಚಾರ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಇದಕ್ಕೆ ಕಾರಣ ಫೈಟಾಫ್ತೊರಾ ಕುಲದ ಜೀವಿಯೆಂದು 1910ರಲ್ಲಿ ವಿವರಿಸಿದರು. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಪ್ರಭೇದ. ಕೊಳೆತ ಕಾಯಿಯ ಮೇಲಿನ ಬಿಳಿ ಬೂಷ್ಟನ್ನು ಕಂಡವರು ಇದನ್ನು ಶಿಲೀಂಧ್ರವೆಂದರು. ವಿಟೇಕರರ ಪದ್ಧತಿಯೂ ಅಲ್ಲಿಯೇ ಉಳಿಸಿತು. ಆದರೆ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವ ಕೈಟಿನ್ ಎಂಬ ಪದಾರ್ಥಕ್ಕೆ ಬದಲಾಗಿ ಇದರಲ್ಲಿ ಗಿಡಗಳಂತೆ ಸೆಲ್ಯುಲೋಸ್ ಇದೆ. ಇದರ ಬೀಜಕಣಗಳು ಎರಡು ಬಾಲಗಳಿಂದ ನೀರಿನಲ್ಲಿ ಈಜುತ್ತವೆ. ವಂಶವನ್ನು ಹುಡುಕಿದರೆ ಕಡಲಿನ ಕಂದು ಪಾಚಿಗಳೂ ಡಯಾಟಮ್‌ಗಳೂ ಇದರ ದಾಯಾದಿಗಳು. ಆದುದರಿಂದ ಇಂದು ಇದನ್ನು ಶಿಲೀಂಧ್ರಗಳಿಂದ ಹೊರಗಿಟ್ಟು, ಹಲವರು ಕ್ರೋಮಿಸ್ಟಾ ಎಂದು ಕರೆಯುವ ಗುಂಪಿನಲ್ಲಿ ಇರಿಸುತ್ತಾರೆ.

ಮಲೆನಾಡಿನ ಹಿರಿಯರು ಮಳೆಗೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಈಜುವ ಬೀಜಕಣಕ್ಕೆ ನೀರೇ ದೊರೆಯದಂತೆ ಮಾಡುವ ಆ ಉಪಾಯವು ಯಾವ ಪಠ್ಯವನ್ನೂ ಕಾದು ಕುಳಿತಿರಲಿಲ್ಲ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವೂ ಫಲ ಕೊಡುತ್ತದೆ. ತಾಮ್ರವು ಸಾಮ್ರಾಜ್ಯವನ್ನು ನೋಡಿ ವಿಷವಾಗುವುದಿಲ್ಲ. ಮಣ್ಣಿಗೆ ಸುರಿದ ತಾಮ್ರ ಅಲ್ಲಿಯೇ ಸಂಚಯವಾಗಿ ಮಣ್ಣಿನ ಜೀವಿಗಳನ್ನು ಬಾಧಿಸುವುದೂ ಇದೇ ಕಾರಣದಿಂದ.

ಕಷ್ಟ ಬರುವುದು ಅಂಗಡಿಯಲ್ಲಿ. ಎಲೆಚುಕ್ಕಿ ರೋಗವನ್ನು ತರುವ ಕೊಲೆಟೊಟ್ರೈಕಮ್ ನಿಜವಾದ ಶಿಲೀಂಧ್ರ. ಅದಕ್ಕೆ ಬಳಸುವ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್‌ಗಳು ಶಿಲೀಂಧ್ರವು ತನ್ನ ಕೋಶದ ಪೊರೆಗೆಂದು ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ತಯಾರಿಸುವ ಕೆಲಸವನ್ನು ತಡೆಯುತ್ತವೆ. ಫೈಟಾಫ್ತೊರಾ ಆ ಕೊಬ್ಬನ್ನು ತಯಾರಿಸುವುದೇ ಇಲ್ಲ. ‘ಎರಡೂ ಬೂಷ್ಟು ರೋಗವೇ ತಾನೆ’ ಎಂದು ಎಲೆಚುಕ್ಕಿಯ ಔಷಧವನ್ನೇ ಕೊಳೆರೋಗಕ್ಕೆ ಹೊಡೆದ ಕೃಷಿಕನಿಗೆ ಹಣವೂ ಹೋಗುತ್ತದೆ, ಗೊನೆಯೂ ಹೋಗುತ್ತದೆ. ಮಳೆಗಾಲದಲ್ಲಿ ಕೈತಪ್ಪಿದ ದಿನಗಳು ಮರಳುವುದಿಲ್ಲ. ಡಬ್ಬಿಯ ಮೇಲೆ ಶಿಲೀಂಧ್ರನಾಶಕ ಎಂದಿದ್ದರೆ ಸಾಲದು. ಅದು ಯಾವ ರೋಗಕ್ಕೆ ಎಂದು ಓದಿಯೇ ಕೊಳ್ಳಬೇಕು.

ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು. ಸುಮಾರು 40ರಿಂದ 45 ದಿನಗಳಲ್ಲಿ ಮತ್ತೊಮ್ಮೆ. ಉದುರಿದ ಕೊಳೆತ ಕಾಯಿಗಳನ್ನು ಬುಡದಲ್ಲಿ ಬಿಡದೆ ಆರಿಸಿ ನಾಶಪಡಿಸುವ ಕೆಲಸವನ್ನು ಮನೆಯ ಮಕ್ಕಳೂ ಮಾಡಬಲ್ಲರು.