ನಾದಕ್ಕೆ ತಕ್ಕ ಗೋಡೆ



ಪಿಟೀಲು ಚೌಡಯ್ಯನವರು 1920ರ ದಶಕದ ಕೊನೆಯ ಹೊತ್ತಿಗೆ ತಮ್ಮ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿಕೊಂಡರು. ಅದು ಬರಿಯ ಚಮತ್ಕಾರಕ್ಕಾಗಿ ಮಾಡಿದ್ದಲ್ಲ. ಕಛೇರಿಗಳಲ್ಲಿ ಆಗ ಮೈಕು ಇರಲಿಲ್ಲ. ಸಭೆ ದೊಡ್ಡದಾದರೆ ಹಿಂದೆ ಕುಳಿತವರಿಗೆ ಪಿಟೀಲಿನ ದನಿ ತಲುಪುತ್ತಿರಲಿಲ್ಲ. ಸಭೆ ಹಿಗ್ಗಿತು, ಅದಕ್ಕಾಗಿ ಅವರು ವಾದ್ಯವನ್ನೇ ತಿದ್ದಿಕೊಂಡರು. ಈ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: ವಾದ್ಯವನ್ನು ಅದರ ಪಾಡಿಗೆ ಬಿಟ್ಟು, ಅದರ ದನಿಗೆ ಒಪ್ಪುವ ಕೋಣೆಯನ್ನು ಕಟ್ಟಬಾರದೆ? ಅಂಥ ಕೋಣೆ ಹೇಗಿರಬೇಕು?

ಮೊದಲ ಮಾತು ದೂರದ್ದು. ಬಯಲಿನಲ್ಲಿ ಕೇಳುಗನ ದೂರ ಎರಡರಷ್ಟಾದರೆ ಅವನಿಗೆ ತಲುಪುವ ಶಬ್ದದ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವೀಣೆಯಂಥ ಮೆಲುದನಿಯ ವಾದ್ಯಕ್ಕೆ ಇದು ದೊಡ್ಡ ನಷ್ಟ. ಒಳಾಂಗಣದಲ್ಲಾದರೆ ಗೋಡೆಗಳು ನೆರವಿಗೆ ಬರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಸಾಗುತ್ತದೆ. ಗೋಡೆಗೆ ಬಡಿದು ಮರಳಿದ ದನಿ, ನೇರವಾಗಿ ಬಂದ ದನಿಗಿಂತ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದೊಳಗೆ ಕಿವಿ ಮುಟ್ಟಿದರೆ, ಕಿವಿ ಅವೆರಡನ್ನೂ ಒಂದೇ ಎಂದು ಗ್ರಹಿಸುತ್ತದೆ. ನಾದ ತುಂಬಿ ಬಂದಂತೆ ಕೇಳುತ್ತದೆ. ಅಷ್ಟು ಹೊತ್ತಿನಲ್ಲಿ ಶಬ್ದ ಕ್ರಮಿಸುವುದು ಸುಮಾರು 17 ಮೀಟರ್. ಅಕ್ಕಪಕ್ಕದ ಗೋಡೆಗಳು ಹತ್ತಿರವಿರುವ, ಉದ್ದವಾದ ಕಿರಿಯ ಸಭಾಂಗಣ ಸಂಗೀತಕ್ಕೆ ಒದಗುವುದು ಈ ಕಾರಣದಿಂದಲೇ. ಗೋಡೆಗಳು ಬಹುದೂರವಾದರೆ ಅದೇ ದನಿ ತಡವಾಗಿ ಬಂದು ಪ್ರತಿಧ್ವನಿಯಾಗಿ ಕಾಡುತ್ತದೆ.

ಎರಡನೆಯದು ಅನುರಣನ, ಎಂದರೆ ಹಾಡು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ನಾದ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ದೋಷ ಹುಡುಕಲು ನೇಮಕಗೊಂಡ ತರುಣ ಅಧ್ಯಾಪಕ ವಾಲೆಸ್ ಸಬೈನ್, ರಾತ್ರಿ ಊರು ಮಲಗಿದ ಮೇಲೆ ಬೇರೊಂದು ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಆರ್ಗನ್ನಿನ ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದರು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ಹೆಚ್ಚುತ್ತದೆ. ಮೆತ್ತೆ, ಪರದೆ, ಜನರ ಮೈಬಟ್ಟೆ ಹೆಚ್ಚಿದಷ್ಟೂ ಅದು ತಗ್ಗುತ್ತದೆ ಎಂಬ ಸೂತ್ರ ಹೊರಬಿತ್ತು. ಅನುರಣನ ತೀರ ಕಡಿಮೆಯಾದರೆ ವೀಣೆಯ ಮೀಟು ಒಣಗಿದಂತೆ ಕೇಳುತ್ತದೆ; ಹೆಚ್ಚಾದರೆ ದ್ರುತಕಾಲದ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಮೂರನೆಯದು ಮೌನ. ಎಷ್ಟೇ ಒಳ್ಳೆಯ ಗೋಡೆಯಿದ್ದರೂ ಫ್ಯಾನಿನ ಗಿರಗಿರ, ರಸ್ತೆಯ ಹಾರನ್ನು, ಜನರೇಟರಿನ ಸದ್ದು ಒಳಬಂದರೆ ತಂಬೂರಿಯ ನಾದ ಉಳಿಯದು.

ಈ ಗುಣಗಳೆಲ್ಲ ಕೂಡಿದ ಪ್ರಸಿದ್ಧ ಉದಾಹರಣೆ ಲಂಡನ್ನಿನ ವಿಗ್ಮೋರ್ ಹಾಲ್. ಜರ್ಮನಿಯ ಪಿಯಾನೋ ಸಂಸ್ಥೆ ಬೆಕ್‌ಸ್ಟೈನ್ ತನ್ನ ಮಳಿಗೆಯ ಪಕ್ಕದಲ್ಲಿ 1901ರಲ್ಲಿ ತೆರೆದ ಸಭಾಂಗಣ ಅದು. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಆಸ್ತಿಯೆಂದು ಹರಾಜಾಗಿ, 1917ರಲ್ಲಿ ಹೊಸ ಹೆಸರಿನಿಂದ ಮತ್ತೆ ತೆರೆಯಿತು. ಅಲ್ಲಿರುವುದು ಸುಮಾರು 550 ಆಸನ ಮಾತ್ರ. ಒಡೆಯರು ಬದಲಾದರು, ಹೆಸರು ಬದಲಾಯಿತು. ಆದರೆ ಅದರ ನಾದಗುಣವನ್ನು ಅರಸಿ ಕಲಾವಿದರು ಬರುವುದು ಮಾತ್ರ ನಿಲ್ಲಲಿಲ್ಲ.

ಕನ್ನಡ ನಾಡಿಗೆ ಈ ಬಗೆಯ ಆಪ್ತ ಕೇಳ್ಮೆ ಹೊಸದೇನಲ್ಲ. ಚೌಡಯ್ಯನವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಭಜನೆ, ಸಂಗೀತಗಳಿಗೆ ಅದು ನೆಲೆಯಾಯಿತು. ಮನೆಯ ಪಡಸಾಲೆ, ರಾಮಮಂದಿರಗಳಲ್ಲಿ ಗಾಯಕ ಮತ್ತು ಕೇಳುಗರ ನಡುವೆ ಇರುತ್ತಿದ್ದುದು ಒಂದು ಜಮಖಾನದಷ್ಟು ಅಂತರ.

ಮೈಕನ್ನು ಹಳಿಯುವಂತಿಲ್ಲ. ರಾಮನವಮಿಯ ಚಪ್ಪರದಲ್ಲಿ ಸಾವಿರಾರು ಜನಕ್ಕೆ ಸಂಗೀತ ಮುಟ್ಟಿಸಿದ್ದು ಅದೇ. ಆದರೆ ನೂರು ಜನ ಕೂರುವ ಕೋಣೆಗೂ ಅದೇ ಅಬ್ಬರ ಬಂದಾಗ ನಷ್ಟವಾಗುವುದು ದನಿಯ ಏರಿಳಿತ. ಪಿಸುಮಾತಿನಂಥ ಗಮಕವೂ ಕೂಗೂ ಒಂದೇ ಎತ್ತರದಲ್ಲಿ ಕೇಳತೊಡಗುತ್ತವೆ. ಎದೆಯಿಂದ ದನಿ ತೆಗೆಯುವ ಸಾಧನೆ ಎಳೆಯರಿಗೆ ಅನಗತ್ಯವೆನಿಸುತ್ತದೆ. ಹೊಸ ಕಟ್ಟಡಕ್ಕೆ ಹಣವಿಲ್ಲದ ಸಂಗೀತ ಸಭೆಯೂ ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಬಹುದು: ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಕೇಳುಗರನ್ನು ಮುಂದಕ್ಕೆ ಕೂರಿಸಿ, ಮೈಕನ್ನು ಆರಿಸಿ ನೋಡಬಹುದು. ಮೊದಲ ಹತ್ತು ನಿಮಿಷ ದನಿ ಸಣ್ಣದೆನಿಸೀತು. ಆಮೇಲೆ ಕಿವಿ ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ.